ಫಿಶ್‌ಪಾಂಡ್ ಚೀಟಿಯೂ ಹಂದಿಯ ರಕ್ತವೂ

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಹಿರಿಯರೊಬ್ಬರು ಸಿಕ್ಕಿದ್ದರು. ಅಡಕೆ ಕೊಟ್ಟು ಊರಿಗೆ ಹೊರಟವರು. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಹತ್ತಿರ ಕರೆದು ಹೇಳಿದರು: "ತಮಾ, ನೀ ಪೇಪರಿನವ ಅಲ್ದನ? ಈ ದೆವ್ವದ ಪುಸ್ತಕದ ಬಗ್ಗೆ ಒಂದು ಬರಿಯ. ಕೂಸು ರಾತ್ರಿ ಹನ್ನೆರಡರವರೆಗೂ ಮೊಬೈಲಲ್ಲಿ ಅದನ್ನೇ ಓದ್ತು. ರಕ್ತ, ಬೆಂಕಿ, ಆಯಿಯನ್ನೇ ಕೊಲ್ಲದು. ಎಂತಕ್ಕೆ ಬೇಕು ಇದೆಲ್ಲ?"

ಯಾವ ಪುಸ್ತಕ ಅಂತ ಕೇಳಿದೆ. ಹೆಸರು ನೆನಪಿರಲಿಲ್ಲ. ಹುಡುಗಿಯ ಕತೆ, ಶಾಲೆಯಲ್ಲಿ ಎಲ್ಲರೂ ಅವಳನ್ನು ಗೋಳು ಹೊಯ್ದುಕೊಳ್ಳುತ್ತಾರೆ, ಕೊನೆಗೆ ಊರಿಗೇ ಬೆಂಕಿ ಬೀಳುತ್ತದೆ ಎಂದರು. ಅಷ್ಟು ಸಾಕಾಯಿತು. ಸ್ಟೀಫನ್ ಕಿಂಗ್ ಬರೆದ 'ಕ್ಯಾರಿ'. ನನ್ನ ಹತ್ತಿರವೂ ಅದರ ಒಂದು ಹಳೇ ಪ್ರತಿ ಇದೆ, ಡಿಪ್ಲೊಮಾ ಓದುವಾಗ ಫುಟ್‌ಪಾತಿನಲ್ಲಿ ಕೊಂಡದ್ದು. ರಟ್ಟು ಕಿತ್ತುಹೋಗಿದೆ.

ಅವರ ಮಾತಿಗೆ ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಆದರೆ ಅವರು ಕೇಳಿದ್ದು ಒಂದು, ನಾನು ಬರೆಯುತ್ತಿರುವುದು ಇನ್ನೊಂದು. ಬೇಜಾರು ಮಾಡಿಕೊಳ್ಳಬಾರದು ಅಣ್ಣಯ್ಯ. ಆ ಪುಸ್ತಕದಲ್ಲಿ ಹೆದರಬೇಕಾದ್ದು ದೆವ್ವಕ್ಕಲ್ಲ. ನಿಮ್ಮ ಮಗಳು ಅದನ್ನು ಹನ್ನೆರಡು ಗಂಟೆಯವರೆಗೆ ಯಾಕೆ ಓದುತ್ತಾಳೆ ಅಂತ ಒಮ್ಮೆಯಾದರೂ ಅವಳನ್ನೇ ಕೇಳಿದ್ದೀರಾ?

ಓದದವರಿಗಾಗಿ ಕತೆ ಹೇಳಿಬಿಡುತ್ತೇನೆ. ಕ್ಯಾರಿ ವೈಟ್ ಹದಿನಾರು ದಾಟಿದ ಹೈಸ್ಕೂಲು ಹುಡುಗಿ. ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರು. ಅಪ್ಪ ಇಲ್ಲ. ತಾಯಿಗೆ ದೇವರ ಹುಚ್ಚು. ಮಾತು ಮಾತಿಗೆ ಪಾಪ, ನರಕ, ಮಗಳನ್ನು ಸಣ್ಣ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ ಪ್ರಾರ್ಥನೆ ಮಾಡಿಸುತ್ತಾಳೆ. ಶಾಲೆಯಲ್ಲಿ ಕ್ಯಾರಿಯನ್ನು ಕಂಡರೆ ಎಲ್ಲರಿಗೂ ನಗು. ಅವಳ ಬಟ್ಟೆಗೆ, ನಡಿಗೆಗೆ, ಪ್ರಾರ್ಥನೆಗೆ. ಒಂದು ದಿನ ಆಟದ ಪಿರಿಯಡ್ ಮುಗಿದು ಹುಡುಗಿಯರೆಲ್ಲ ಸ್ನಾನಕ್ಕೆ ನಿಂತಾಗ ಅವಳಿಗೆ ಮೊದಲ ಸಲ ಮುಟ್ಟಾಗುತ್ತದೆ. ಅದೇನು ಅಂತ ಅವಳಿಗೆ ಗೊತ್ತಿಲ್ಲ, ತಾಯಿ ಹೇಳಿಲ್ಲ. ಸತ್ತೇ ಹೋಗುತ್ತೇನೆ ಅಂತ ಕಿರುಚುತ್ತಾಳೆ. ಜೊತೆಯವರು ಸುತ್ತ ನಿಂತು, ಕೂಗುತ್ತಾ, ಪ್ಯಾಡುಗಳನ್ನು ಅವಳ ಮೇಲೆ ಎಸೆಯುತ್ತಾರೆ. ವಸ್ತುಗಳನ್ನು ಮುಟ್ಟದೆಯೇ ಅಲುಗಾಡಿಸುವ ಒಂದು ಶಕ್ತಿ ಅವಳಲ್ಲಿ ಚಿಕ್ಕಂದಿನಿಂದ ಇದ್ದದ್ದು ಈಗ ಎಚ್ಚರಾಗುತ್ತದೆ.

ಆಮೇಲೆ ಸ್ಯೂ ಎಂಬ ಹುಡುಗಿಗೆ ತಾನು ಮಾಡಿದ್ದಕ್ಕೆ ಪಶ್ಚಾತ್ತಾಪವಾಗಿ, ತನ್ನ ಗೆಳೆಯನ ಜೊತೆ ಕ್ಯಾರಿಯನ್ನು ಶಾಲೆಯ ದೊಡ್ಡ ನೃತ್ಯಕೂಟಕ್ಕೆ ಕಳಿಸುತ್ತಾಳೆ. ಕ್ಯಾರಿ ತಾನೇ ಹೊಲಿದುಕೊಂಡ ಬಟ್ಟೆ ಹಾಕಿಕೊಂಡು ಹೋಗುತ್ತಾಳೆ. ಆ ರಾತ್ರಿ ಅವಳನ್ನೇ ರಾಣಿ ಅಂತ ಆರಿಸಿ ವೇದಿಕೆಗೆ ಕರೆಯುತ್ತಾರೆ. ಇನ್ನೊಂದು ಹುಡುಗಿ, ಶಿಕ್ಷೆ ಸಿಕ್ಕ ಸಿಟ್ಟಿನಲ್ಲಿ, ಮೇಲಿನಿಂದ ಬಕೆಟ್ಟುಗಟ್ಟಲೆ ಹಂದಿಯ ರಕ್ತವನ್ನು ಅವಳ ತಲೆಯ ಮೇಲೆ ಸುರಿಸುತ್ತಾಳೆ. ಸಭೆ ನಗುತ್ತದೆ. ಅಷ್ಟೇ. ಮುಂದಿನದು ಬೆಂಕಿ, ಸಾವು, ಊರಿನ ಅಂತ್ಯ.

ಈಗ ಗಮನಿಸಿ. ರಕ್ತ ಬಿದ್ದಾಗ ಅವಳು ಬೆಂಕಿ ಹಚ್ಚಲಿಲ್ಲ. ನಕ್ಕ ಮೇಲೆ ಹಚ್ಚಿದ್ದು.

1974ರ ಏಪ್ರಿಲ್‌ನಲ್ಲಿ ಬಂದ ಪುಸ್ತಕ ಇದು. ಐವತ್ತು ವರ್ಷ ದಾಟಿತು. ಕಿಂಗ್ ಆಗ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಹೆಂಡತಿ ಮಕ್ಕಳ ಜೊತೆ ಒಂದು ಟ್ರೇಲರ್ ಮನೆಯಲ್ಲಿ ಸಂಸಾರ. ಮೊದಲ ಕೆಲವು ಹಾಳೆ ಬರೆದು, ಹುಡುಗಿಯರ ಲೋಕ ನನಗೇನು ಗೊತ್ತು ಅಂತ ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದಿದ್ದರು. ಹೆಂಡತಿ ಟ್ಯಾಬಿತಾ ಆ ಹಾಳೆಗಳನ್ನು ಎತ್ತಿ, ಬಿಡಿಸಿ, ಓದಿ, ಮುಂದುವರಿಸಿ, ಗೊತ್ತಿಲ್ಲದ್ದನ್ನು ನಾನು ಹೇಳಿಕೊಡುತ್ತೇನೆ ಅಂದಳು. ಪ್ರಕಾಶಕರು ಕೊಟ್ಟ ಮುಂಗಡ 2,500 ಡಾಲರ್. ಅಗ್ಗದ ಆವೃತ್ತಿಯ ಹಕ್ಕು ಮಾರಾಟವಾದದ್ದು 4 ಲಕ್ಷ ಡಾಲರ್‌ಗೆ, ಅದರಲ್ಲಿ ಅರ್ಧ ಕಿಂಗ್‌ಗೆ. ಮೇಷ್ಟ್ರು ಕೆಲಸ ಬಿಟ್ಟರು. 1976ರಲ್ಲಿ ಬ್ರಯಾನ್ ಡಿ ಪಾಮಾ ಸಿನಿಮಾ ಮಾಡಿದರು. 1988ರಲ್ಲಿ ಬ್ರಾಡ್‌ವೇಯಲ್ಲಿ ಸಂಗೀತ ನಾಟಕವಾಗಿ ಐದೇ ಪ್ರದರ್ಶನಕ್ಕೆ ಮುಚ್ಚಿಹೋಯಿತು. ತಮಾಷೆಯೆಂದರೆ ಎಷ್ಟೋ ವರ್ಷಗಳ ಮೇಲೆ ಅದೇ ನಾಟಕವನ್ನು ಶಾಲೆ ಕಾಲೇಜಿನ ಮಕ್ಕಳೇ ಎತ್ತಿಕೊಂಡು ಆಡತೊಡಗಿದರು. ದೊಡ್ಡವರಿಗೆ ಬೇಡವಾದದ್ದು ಮಕ್ಕಳಿಗೆ ಯಾಕೆ ಬೇಕಾಯಿತು?

ಯಾಕೆಂದರೆ ಅದರಲ್ಲಿ ಇರುವುದು ಅವರ ಕ್ಲಾಸ್‌ರೂಮು. ಕ್ಯಾರಿಯನ್ನು ತಾನು ಶಾಲೆಯಲ್ಲಿ ಕಂಡಿದ್ದ ಇಬ್ಬರು ಹುಡುಗಿಯರಿಂದ ಕಟ್ಟಿದೆ ಅಂತ ಕಿಂಗ್ ತಮ್ಮ ಬರವಣಿಗೆಯ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಕಾದಂಬರಿ ಬರೆಯುವ ಹೊತ್ತಿಗೆ ಇಬ್ಬರೂ ತೀರಿಹೋಗಿದ್ದರು. ಅವರಲ್ಲೊಬ್ಬಳು ವರ್ಷಾನುಗಟ್ಟಲೆ ಒಂದೇ ಜೊತೆ ಬಟ್ಟೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು, ಅದಕ್ಕೇ ನಗೆಪಾಟಲು. ಒಂದು ಕ್ರಿಸ್‌ಮಸ್ ರಜೆ ಮುಗಿಸಿ ಹೊಸ ಬಟ್ಟೆ ಹಾಕಿಕೊಂಡು, ತಲೆ ಬಾಚಿಸಿಕೊಂಡು ಬಂದಳು. ಇನ್ನಾದರೂ ಬಿಡುತ್ತಾರೆ ಅಂತ ಅವಳ ಲೆಕ್ಕ. ಬಿಡಲಿಲ್ಲ. ಆ ದಿನದ ಲೇವಡಿ ಹಿಂದೆಂದಿಗಿಂತ ಹೆಚ್ಚಾಯಿತು. ತಾವು ಹಾಕಿದ ಗೆರೆ ದಾಟಿ ಹೊರಗೆ ಬಂದಳಲ್ಲ ಎಂಬ ಸಿಟ್ಟು ಅವರಿಗೆ.

ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಂತಿದ್ದೆ. ಕಾರಣ ಹೇಳುತ್ತೇನೆ.

ನಮ್ಮ ಕಡೆ ಕಾಲೇಜಿನ ಗ್ಯಾದರಿಂಗ್ ಅಂದರೆ ಎಲ್ಲರಿಗೂ ಗೊತ್ತು. ಆಹ್ವಾನ ಪತ್ರಿಕೆಯಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ ಅಂತ ಅಚ್ಚಾಗಿರುತ್ತದೆ. ಸ್ನೇಹ! ಅದಕ್ಕೆ ಒಂದು ವಾರ ಮೊದಲು ವರಾಂಡದಲ್ಲಿ ಒಂದು ರಟ್ಟಿನ ಡಬ್ಬ ಇಡುತ್ತಾರೆ. ಫಿಶ್‌ಪಾಂಡ್. ಯಾರು ಬೇಕಾದರೂ ಹೆಸರು ಹಾಕದೆ, ಯಾರ ಮೇಲೆ ಬೇಕಾದರೂ ಚೀಟಿ ಬರೆದು ಹಾಕಬಹುದು. ಗ್ಯಾದರಿಂಗ್ ದಿನ ನಿರೂಪಕ ಅವನ್ನು ಮೈಕಿನಲ್ಲಿ ಓದುತ್ತಾನೆ. ಯಾರ ಹೆಸರಿಗೆ ಚೀಟಿ ಬಂದಿದೆಯೋ ಅವರು ಎದ್ದು ನಿಲ್ಲಬೇಕು, ಕೆಲವು ಕಡೆ ವೇದಿಕೆಗೇ ಬರಬೇಕು. ಲೆಕ್ಚರರ್‌ಗಳು ಮುಂದಿನ ಸಾಲಿನಲ್ಲಿ ಕೂತು ನಗುತ್ತಾರೆ. ಅವರ ಮೇಲಿನ ಚೀಟಿಗಳನ್ನು ಮೊದಲೇ ಆರಿಸಿ ತೆಗೆದಿರುತ್ತಾರೆ ಅನ್ನಿ.

ಶಿರಸಿಯ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ನಾನೇ ಆ ನಿರೂಪಕ. ಕನ್ನಡ ಸ್ಪಷ್ಟ, ಗಂಟಲು ಚೆನ್ನಾಗಿದೆ, ಮುಂದೆ ಪೇಪರಿಗೋ ಟೀವಿಗೋ ಹೋಗುತ್ತಾನೆ ಅಂತ ಹೊಗಳಿಸಿಕೊಂಡವನು. ನಮ್ಮ ಕ್ಲಾಸಿನಲ್ಲಿ ಯಲ್ಲಾಪುರ ಕಡೆಯ ಒಂದು ಹುಡುಗಿ ಇದ್ದಳು. ಕಾಡಿನೊಳಗಿನ ಊರು. ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ಗುಂಗುರು ಕೂದಲು, ಎಣ್ಣೆ ಹಚ್ಚಿ ಎಷ್ಟು ಬಿಗಿಯಾಗಿ ಕಟ್ಟಿದರೂ ಮಧ್ಯಾಹ್ನದ ಹೊತ್ತಿಗೆ ಎದ್ದು ನಿಲ್ಲುತ್ತಿತ್ತು. ಅವಳು ಸಿದ್ದಿ ಅಂತ ಬೇರೆ ಹೇಳಬೇಕಾಗಿಲ್ಲ. ಅವಳ ಹೆಸರಿಗೆ ಹನ್ನೊಂದು ಚೀಟಿ ಬಂದಿದ್ದವು. ಹನ್ನೊಂದೂ ಕೂದಲಿನ ಮೇಲೆ, ಬಣ್ಣದ ಮೇಲೆ. ನಾನು ಅದರಲ್ಲಿ ನಾಲ್ಕನ್ನು ಆರಿಸಿ ಓದಿದೆ. ಏಳನ್ನು ಬಿಟ್ಟೆನಲ್ಲ ಅಂತ ಆಗ ನನಗೆ ನನ್ನ ಬಗ್ಗೆ ಹೆಮ್ಮೆಯೂ ಇತ್ತು.

ಅವಳು ಎದ್ದು ನಿಂತಳು. ಅವತ್ತು ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಸಭೆ ನಕ್ಕಿತು. ಅವಳೂ ನಕ್ಕಳು. ನನ್ನ ತಲೆಯಲ್ಲಿ ಉಳಿದಿರುವುದು ಆ ನಗು. ನಾಲ್ಕನೇ ಚೀಟಿ ಓದಿ ಮುಗಿಯುವವರೆಗೂ ಅವಳು ಆ ನಗುವನ್ನು ಕೆಳಗೆ ಬೀಳದಂತೆ ಹಿಡಿದುಕೊಂಡೇ ನಿಂತಿದ್ದಳು. ವೈರು ಸುಡಲಿಲ್ಲ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳಲಿಲ್ಲ. ಮುಂದಿನ ಐಟಂ ಭರತನಾಟ್ಯ ಇತ್ತು, ಶುರುವಾಯಿತು. ಆ ವರ್ಷ ಅವಳು ಪರೀಕ್ಷೆಗೆ ಕೂರಲಿಲ್ಲ. ಕಾರಣ ಕೇಳಿದ್ದಕ್ಕೆ ಮನೆ ಕಡೆ ಏನೋ ತೊಂದರೆಯಂತೆ ಅಂದರು. ನಾವೂ ಹೌದೇನೋ ಅಂದುಕೊಂಡೆವು. ಅಷ್ಟು ಅನುಕೂಲದ ಕಾರಣವನ್ನು ಯಾರು ಬಿಡುತ್ತಾರೆ?

ಕ್ಯಾರಿ ಇಂದಿಗೂ ಓದಿಸಿಕೊಳ್ಳುವುದು ಅವಳಿಗೆ ಶಕ್ತಿ ಇದ್ದದ್ದಕ್ಕೆ. ಆ ಶಕ್ತಿ ಇಲ್ಲದವರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಅವರೇ ರಾತ್ರಿ ಹನ್ನೆರಡರವರೆಗೆ ಓದುವುದು. ಅವರ ಜೊತೆಗೆ ಇನ್ನೊಂದು ಜಾತಿಯ ಓದುಗರೂ ಇದ್ದಾರೆ, ನನ್ನಂಥವರು, ಮೈಕು ಹಿಡಿದಿದ್ದವರು. ಆ ಬೆಂಕಿ ನಮಗೆ ಬೀಳಬೇಕಾಗಿತ್ತು ಅಂತ ಒಳಗೊಳಗೇ ಗೊತ್ತಿದ್ದು ಓದುವವರು.

ಸಿದ್ದಿಯರ ವಿಷಯ ಬಂದದ್ದರಿಂದ ಒಂದೆರಡು ಮಾತು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳಷ್ಟು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಕಡೆ ತಲೆತಲಾಂತರದಿಂದ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಎರಡೂ ಬಲ್ಲರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ನಾವೆಲ್ಲ ನಮ್ಮ ಜಿಲ್ಲೆಯ ಹೆಮ್ಮೆ ಅಂತ ಹೆಡ್ಡಿಂಗ್ ಕೊಟ್ಟೆವು. ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ನಾಟಕ ಸಿನಿಮಾದಲ್ಲಿ ಹೆಸರು ಮಾಡಿದಾಗ ಫೋಟೊ ಹಾಕಿದೆವು. ಒಳ್ಳೆಯದೇ. ಆದರೆ ಅದೇ ಊರಿನ ಒಂಬತ್ತನೇ ಕ್ಲಾಸಿನ ಹುಡುಗಿಯ ಕೂದಲನ್ನು ಹಿಂದಿನ ಬೆಂಚಿನವನು ಪೆನ್ನಿನಲ್ಲಿ ಎಳೆದು ನೋಡುವುದು ನಿಂತಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಯಾವ ದೇಶ ಅಂತ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳಬೇಕು, ಕನ್ನಡದಲ್ಲಿ ಉತ್ತರ ಕೊಟ್ಟರೆ ಎದುರಿನವರು ಬೆರಗಾಗಬೇಕು. ಇದೂ ಒಂದು ಫಿಶ್‌ಪಾಂಡೇ.

ಇನ್ನು ಮುಟ್ಟಿನ ವಿಷಯ. ಕ್ಯಾರಿಯ ಮೊದಲ ದೃಶ್ಯ ಓದಿ, ಅಮೆರಿಕದಲ್ಲಿ ಹದಿನಾರು ದಾಟಿದ ಹುಡುಗಿಗೆ ಇದೂ ಗೊತ್ತಿಲ್ಲವಾ ಅಂತ ನಗುವವರಿದ್ದಾರೆ. ನಮ್ಮ ಮನೆಗಳಲ್ಲಿ ಏನು ಹೇಳುತ್ತೇವೆ? ಕಾಗೆ ಮುಟ್ಟಿತು. ಹೊರಗೆ ಕೂತಿದ್ದಾಳೆ. ಮೂರು ದಿನ ತಟ್ಟೆ ಬೇರೆ, ಚಾಪೆ ಬೇರೆ, ಬಚ್ಚಲಿನ ದಾರಿ ಬೇರೆ. ಮಗಳಿಗೆ ಯಾಕೆ ಅಂತ ಹೇಳುವುದಿಲ್ಲ, ಎಲ್ಲಿ ಕೂರಬೇಕು ಅಂತ ಮಾತ್ರ ಹೇಳುತ್ತೇವೆ. ಈಗ ಬಹಳ ಮನೆಗಳಲ್ಲಿ ಬಿಟ್ಟಿದ್ದಾರೆ, ನಿಜ. ಬಿಟ್ಟವರು ಕೂಡ ಪೂಜೆಯ ದಿನ ತೆಗೆದು ಹಾಕಿಕೊಳ್ಳುತ್ತಾರೆ. ಮಾಸಿದ ಲಂಗ ಹಾಕಿಕೊಂಡು ಕ್ಲಾಸಿನಿಂದ ಎದ್ದು ಹೋಗಲಾರದೆ ಸಂಜೆಯ ಗಂಟೆ ಹೊಡೆಯುವವರೆಗೆ ಬೆಂಚಿಗೆ ಅಂಟಿ ಕೂತ ಹುಡುಗಿ ಯಾರ ಕ್ಲಾಸಿನಲ್ಲಿ ಇರಲಿಲ್ಲ? ಸರ್ಕಾರದ ಶುಚಿ ಯೋಜನೆಯ ಪ್ಯಾಡು ವರ್ಷಗಟ್ಟಲೆ ಶಾಲೆಗೆ ಬರದೆ ನಿಂತಾಗ ಅದು ಯಾವ ಪೇಪರಿನ ಮುಖಪುಟಕ್ಕೂ ದೊಡ್ಡ ಸುದ್ದಿಯಾಗಲಿಲ್ಲ. ನಾವು ಕಳಿಸಿದ್ದೂ ಕಡಿಮೆ. ಗಂಡು ಸ್ಟ್ರಿಂಗರ್‌ಗಳೇ ಹೆಚ್ಚು, ಕೇಳುವುದಕ್ಕೇ ನಾಚಿಕೆ.

ನಮ್ಮ ಪೇಪರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಈ ಕಾದಂಬರಿ ನನಗೆ ಬಹಳ ಚುಚ್ಚುವುದು ಇನ್ನೊಂದು ಕಡೆ. ಸಿನಿಮಾದಲ್ಲಿ ಇದು ಇಲ್ಲ, ಪುಸ್ತಕದಲ್ಲಿ ಮಾತ್ರ ಇದೆ. ಕಿಂಗ್ ಕತೆಯ ಬಹುಭಾಗವನ್ನು ಪತ್ರಿಕೆಯ ತುಣುಕು, ತನಿಖಾ ಆಯೋಗದ ವರದಿ, ಪಂಡಿತರ ಗ್ರಂಥ, ಬದುಕಿ ಉಳಿದವರ ಹೇಳಿಕೆ ಇವುಗಳ ಮೂಲಕ ಹೇಳುತ್ತಾರೆ. ಎಲ್ಲ ಅವರೇ ಸೃಷ್ಟಿಸಿದ್ದು. ಶಕ್ತಿ ಎಲ್ಲಿಂದ ಬಂತು, ವಂಶವಾಹಿಯಲ್ಲಿ ಬಂತಾ, ಎಷ್ಟು ಹೊತ್ತಿಗೆ ಯಾವ ಬೀದಿ ಹೊತ್ತಿಕೊಂಡಿತು, ಎಲ್ಲ ದಾಖಲಾಗಿದೆ. ಅವಳನ್ನು ವರ್ಷಾನುವರ್ಷ ಯಾರು ಯಾರು ಏನು ಮಾಡಿದರು ಎಂಬುದು ಮಾತ್ರ ಆ ದೊಡ್ಡ ದೊಡ್ಡ ವರದಿಗಳಲ್ಲಿ ಬದಿಗೆ ಸರಿಯುತ್ತದೆ. ಶಾಲೆಯ ಕಚೇರಿಯಲ್ಲಿ ಅವಳ ಹೆಸರನ್ನೇ ತಪ್ಪಾಗಿ ಹೇಳುತ್ತಾರೆ!

ಈಗ ನಮ್ಮ ತುಣುಕುಗಳನ್ನು ನೋಡಿ. "ಹೊಟ್ಟೆನೋವು ತಾಳಲಾರದೆ." "ಜೀವನದಲ್ಲಿ ಜಿಗುಪ್ಸೆಗೊಂಡು." "ಕ್ಷುಲ್ಲಕ ಕಾರಣಕ್ಕೆ ಮನನೊಂದು." ಹದಿನೈದು ಹದಿನಾರರ ಮಕ್ಕಳ ಸಾವಿಗೆ ನಾನು ಈ ಮೂರು ವಾಕ್ಯಗಳನ್ನೂ ಬರೆದಿದ್ದೇನೆ. ಠಾಣೆಯಿಂದ ಬಂದದ್ದನ್ನು ಹಾಗೇ ಕಳಿಸಿದ್ದೇನೆ. ಎರಡು ಪ್ಯಾರಾ, ಒಂದು ಪಾಸ್‌ಪೋರ್ಟ್ ಫೋಟೊ. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಬರುವ ನಮಗೆ ಮನೆಗೆ ಹೋಗಿ ಬರುವ ಪೆಟ್ರೋಲಿನಷ್ಟೂ ಅದರಲ್ಲಿ ಹುಟ್ಟುವುದಿಲ್ಲ. ಅದು ನೆಪವಲ್ಲ, ಸತ್ಯ. ಆದರೆ ಬಡತನಕ್ಕೆ "ಕ್ಷುಲ್ಲಕ" ಎಂಬ ಪದ ಬರೆಸುವ ಅಧಿಕಾರ ಇಲ್ಲ. ಅದನ್ನು ಬರೆದದ್ದು ನಾನೇ. ಯಾರಿಗೆ ಕ್ಷುಲ್ಲಕ? ಶಾಲೆಯಲ್ಲಿ ಏನಾಗಿತ್ತು, ಹಾಸ್ಟೆಲಿನಲ್ಲಿ ಏನೆಂದು ಕರೆಯುತ್ತಿದ್ದರು, ಯಾರ ಫೋಟೊಕ್ಕೆ ಕೋತಿಯ ಮುಖ ಅಂಟಿಸಿ ಸ್ಟಿಕರ್ ಮಾಡಿ ಗ್ರೂಪಿನಲ್ಲಿ ಬಿಟ್ಟಿದ್ದರು, ನಾನು ಕೇಳಲಿಲ್ಲ.

ಒಮ್ಮೆ ಕೇಳಿದ್ದೆ, ಒಬ್ಬ ಮೇಷ್ಟ್ರನ್ನು. "ಎಂತ ಮಾರಾಯ, ಹುಡ್ರ ಚೇಷ್ಟೆಗೆಲ್ಲ ನ್ಯೂಸ್ ಮಾಡ್ತ್ಯನ?" ಅಂದರು. ಚೇಷ್ಟೆ ಎಂಬ ಪದ ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ! ಮಾಡುವವರಿಗೆ ಚೇಷ್ಟೆ, ನೋಡುವವರಿಗೆ ಚೇಷ್ಟೆ. ಯಾರ ಮೇಲೆ ಮಾಡಿದರೋ ಅವರಿಗೆ ಏನು ಎಂಬುದಕ್ಕೆ ನಾವು ಒಂದು ಪದವನ್ನೂ ಇಟ್ಟುಕೊಂಡಿಲ್ಲ.

ಕೆಲವರು ಕೇಳಬಹುದು, ಈ ಅಮೆರಿಕದ ಕತೆ ನಮಗ್ಯಾಕೆ, ನಮ್ಮಲ್ಲಿ ಇಲ್ಲವಾ ಅಂತ. ಇದೆ. ಶಿರಸಿಯಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ನಾವು ಮಾರಿಕಾಂಬೆಯ ತೇರು ಎಳೆಯುತ್ತೇವಲ್ಲ, ಆ ಮಾರಿಯ ಬಗ್ಗೆ ಅಜ್ಜಿಯರು ಹೇಳುವ ಒಂದು ಕತೆಯ ಪ್ರಕಾರ ಅವಳು ಮೋಸಹೋದ ಬ್ರಾಹ್ಮಣ ಹುಡುಗಿ. ಜಾತಿ ಮುಚ್ಚಿಟ್ಟ ಕೆಳಜಾತಿಯವನೊಬ್ಬ ಅವಳನ್ನು ಮದುವೆಯಾಗುತ್ತಾನೆ. ಒಂದು ದಿನ ಅತ್ತೆಯ ಬಾಯಿಂದ ಬಿದ್ದ ಒಂದು ಮಾತಿನಿಂದ ಗುಟ್ಟು ರಟ್ಟಾಗುತ್ತದೆ. ಅವಳ ಸಿಟ್ಟಿಗೆ ಮನೆ ಉರಿಯುತ್ತದೆ, ಗಂಡ ಕೋಣನ ರೂಪದಲ್ಲಿ ಓಡುತ್ತಾನೆ, ಸಿಕ್ಕಿ ಸಾಯುತ್ತಾನೆ. ಬಿಡಕಿಬೈಲಿನ ಜಾತ್ರೆ ಮುಗಿದು ದೇವಿ ಗದ್ದುಗೆಯಿಂದ ಏಳುವ ದಿನ ಮಾತಂಗಿಯ ಚಪ್ಪರಕ್ಕೆ ಬೆಂಕಿ ಬೀಳುವುದನ್ನು ಲಕ್ಷಾಂತರ ಜನ ನೋಡಿದ್ದಾರೆ. ಅವಮಾನ, ರಕ್ತ, ಬೆಂಕಿ. ಕಿಂಗ್‌ಗಿಂತ ಎಷ್ಟೋ ಮೊದಲೇ ಇದು ನಮ್ಮ ಹತ್ತಿರ ಇತ್ತು.

ಆದರೆ ಒಂದು ವ್ಯತ್ಯಾಸ ಇದೆ, ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಬರಲಿ. ಈ ಕತೆಯಲ್ಲಿ ಊರ ಹೊರಗಿನವನು ಯಾರು? ಕೋಣ. ಜಾತಿ ಹೇಳಿಕೊಂಡರೆ ಅಂಗಳಕ್ಕೂ ಸೇರಿಸದ ಊರಿನಲ್ಲಿ ಜಾತಿ ಮುಚ್ಚಿಟ್ಟವನು. ನಮ್ಮ ಕತೆ ಅವನನ್ನು ಕೋಣ ಮಾಡಿ ಜಾತ್ರೆ ಜಾತ್ರೆಗೂ ಕೊಂದಿತು. ಅವನ ತಾಯಿಯ ನಾಲಗೆಯ ರುಚಿಯನ್ನೇ ಸಾಕ್ಷಿ ಮಾಡಿಕೊಂಡಿತು. ಕಿಂಗ್‌ನ ಕತೆ ಯಾರನ್ನು ಎಲ್ಲರೂ ನಕ್ಕು ಹೊರಗೆ ಹಾಕಿದರೋ ಅವಳ ಬೆನ್ನಿಗೆ ನಿಂತಿದೆ. ನಮ್ಮ ಕತೆಯನ್ನು ಕೋಣನ ಕಡೆಯಿಂದ ಹೇಳುವವರನ್ನು ನಾನು ಇನ್ನೂ ಕಾಯುತ್ತಿದ್ದೇನೆ. ನಂಬಿಕೆಗೆ ಧಕ್ಕೆ ಅನ್ನುವವರಿಗೆ ನೆನಪಿಸುತ್ತೇನೆ, 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದ ಕಾಲದಲ್ಲೇ ಇಲ್ಲಿನ ಹಿರಿಯರು ಕೋಣನ ಬಲಿ ನಿಲ್ಲಿಸಿದರು. ದೇವಿ ಮುನಿಯಲಿಲ್ಲ. ಜಾತ್ರೆ ಸಣ್ಣದಾಗಲಿಲ್ಲ.

ಹೊರಗೆ ಹಾಕುವುದನ್ನು ನೇರವಾಗಿ ತೋರಿಸಿದ್ದು ಅನಂತಮೂರ್ತಿಯವರ 'ಘಟಶ್ರಾದ್ಧ'. ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು, 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಬಸುರಾದ ವಿಧವೆ ಯಮುನೆಯನ್ನು, ಅವಳು ಬದುಕಿರುವಾಗಲೇ, ಸ್ವಂತ ಅಪ್ಪ ಶ್ರಾದ್ಧ ಮಾಡಿ ಕಳೆದುಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಅವಳನ್ನು ನೋಡುವವನು ನಾಣಿ, ಪಾಠಶಾಲೆಯಲ್ಲಿ ದೊಡ್ಡ ಹುಡುಗರಿಂದ ಪೀಡನೆ ತಿಂದ ಸಣ್ಣ ಹುಡುಗ. ಹೊರಗೆ ಹಾಕಿಸಿಕೊಂಡವಳನ್ನು ಅಕ್ಕ ಅಂತ ಕಂಡವನು ಅವನೊಬ್ಬನೇ. ಯಮುನೆಗೂ ಬೆಂಕಿ ಹಚ್ಚುವ ಶಕ್ತಿ ಇಲ್ಲ. ಕ್ಯಾರಿ ಓದಿದರೆ ಹೆದರಿಕೆಯಾಗುತ್ತದೆ, ಘಟಶ್ರಾದ್ಧ ನೋಡಿದರೆ ಹೊಟ್ಟೆಯಲ್ಲಿ ಕಲ್ಲು ಕೂರುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಭಯಾನಕ. ಅಣ್ಣಯ್ಯ, ನಿಮ್ಮ ಮಗಳಿಗೆ ಇದನ್ನೂ ತೋರಿಸಿ.

ಕ್ಯಾರಿಯ ಮೇಲೆ ನನಗೂ ತಕರಾರು ಇದೆ, ಮುಚ್ಚಿಡುವುದಿಲ್ಲ. ನೂರಾರು ಜನ ಸಾಯುತ್ತಾರೆ. ಅವರಲ್ಲಿ ಬಹಳ ಮಂದಿ ಅವಳಿಗೆ ಏನೂ ಮಾಡಿರಲಿಲ್ಲ. ಓದುವಾಗ ಮಾತ್ರ, ಸಾಯಲಿ ಬಿಡು ಅನ್ನಿಸುತ್ತದೆ. ಆ ಅನ್ನಿಸಿಕೆಗೆ ಹುಷಾರಾಗಿರಬೇಕು. ಕಿಂಗ್ ಅವರಿಗೂ ಇದು ಗೊತ್ತಿತ್ತು. ಶಾಲೆಗೆ ಬಂದೂಕು ತರುವ ಹುಡುಗನ ಮೇಲೆ ಬೇರೆ ಹೆಸರಿನಲ್ಲಿ ಬರೆದ 'ರೇಜ್' ಎಂಬ ಕಾದಂಬರಿಯನ್ನು, ಅಮೆರಿಕದ ಶಾಲೆಗಳಲ್ಲಿ ನಿಜವಾಗಿಯೇ ಗುಂಡು ಹಾರಿದ ಮೇಲೆ, ಅವರೇ ಮರುಮುದ್ರಣ ಮಾಡದಂತೆ ನಿಲ್ಲಿಸಿದರು. ಕ್ಯಾರಿಯನ್ನು ನಿಲ್ಲಿಸಲಿಲ್ಲ. ಅದನ್ನು ಅಲ್ಲಿಯೂ ಎಷ್ಟೋ ಶಾಲೆಗಳು ಗ್ರಂಥಾಲಯದಿಂದ ಹೊರಗೆ ಹಾಕಿವೆ. ವಿಚಿತ್ರ ನೋಡಿ, ಹೊರಗೆ ಹಾಕಿಸಿಕೊಂಡವಳ ಪುಸ್ತಕವನ್ನೂ ಹೊರಗೆ ಹಾಕುವುದು. ಪುಸ್ತಕ ತೆಗೆದುಹಾಕುವುದು ಒಂದು ಮಧ್ಯಾಹ್ನದ ಕೆಲಸ. ಕ್ಲಾಸಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಏನು ಮಾಡುತ್ತಿದ್ದಾರೆ ಅಂತ ನೋಡುವುದಕ್ಕೆ ವರ್ಷವಿಡೀ ಕಣ್ಣು ತೆರೆದಿರಬೇಕು.

ಇನ್ನೊಂದು ತಕರಾರು ಸ್ಯೂ ಥರದವರ ಬಗ್ಗೆ. ಅವಳ ಮನಸ್ಸು ಒಳ್ಳೆಯದು, ಕ್ಯಾರಿಯೇ ಸಾಯುವ ಮುಂಚೆ ಅದನ್ನು ಕಾಣುತ್ತಾಳೆ. ಆದರೂ ಅವಳು ಮಾಡಿದ್ದೇನು? ಕ್ಯಾರಿಯ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ. ಪಕ್ಕದಲ್ಲಿ ಕೂತು ಊಟ ಮಾಡಲಿಲ್ಲ. ಒಂದು ರಾತ್ರಿಯ ವೇದಿಕೆ ಕೊಡಿಸಿದಳು. ನಮ್ಮಲ್ಲಿ ಇದು ದಿನಾ ನಡೆಯುತ್ತದೆ. ಹಾಸ್ಟೆಲಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಹಿ ಹಂಚಿ ಬ್ಯಾನರಿನ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಸಿದ್ದಿ ಮಕ್ಕಳಿಗೆ ಡಮಾಮಿ ಬಾರಿಸಿ ಕುಣಿಯಿರಿ ಅಂತ ಸಮಾರಂಭಕ್ಕೆ ಕರೆಯುತ್ತಾರೆ, ಕುಣಿದು ಇಳಿದ ಮೇಲೆ ಊಟದ ಸಾಲಿನಲ್ಲಿ ಅವರ ಪಕ್ಕದ ಎಲೆ ಖಾಲಿ. ಆ ಫೋಟೊಗಳನ್ನು ಪೇಪರಿಗೆ ಕಳಿಸುವವನೂ ನಾನೇ.

ಕಾನೂನು ಇದೆ ಅಂತ ನೀವು ಹೇಳಬಹುದು. ಹೌದು, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಚೀಟಿಗೆ ಸಹಿ ಇರುವುದಿಲ್ಲ, ಸ್ಟಿಕರ್ ಯಾರು ಮಾಡಿದ್ದು ಅಂತ ಗ್ರೂಪಿನಲ್ಲಿ ಯಾರೂ ಹೇಳುವುದಿಲ್ಲ. ಇನ್ನೂರು ಜನ ಒಟ್ಟಿಗೆ ನಕ್ಕರೆ ಯಾರ ಮೇಲೆ ಕೇಸು ಹಾಕುವುದು? ಫಿಶ್‌ಪಾಂಡ್ ಡಬ್ಬ ತೆಗೆಯುವುದಕ್ಕೆ ಮಾತ್ರ ಯಾವ ಕಾಯ್ದೆಯೂ ಬೇಡ. ಇಟ್ಟವರೇ ಎತ್ತಿ ಒಲೆಗೆ ಹಾಕಬಹುದು. ಅದು ಸಂಪ್ರದಾಯ, ಎಲ್ಲರಿಗೂ ಖುಷಿ, ಸ್ಪೋರ್ಟಿವ್ ಆಗಿ ತೆಗೆದುಕೊಳ್ಳಬೇಕು ಅನ್ನುವವರಿಗೆ ಒಂದು ಸಲಹೆ. ಈ ವರ್ಷ ಪ್ರಿನ್ಸಿಪಾಲರ ಮೇಲೆ, ಆಡಳಿತ ಮಂಡಳಿಯ ಅಧ್ಯಕ್ಷರ ಮೇಲೆ ಬಂದ ಚೀಟಿಗಳನ್ನು ಮೊದಲು ಓದಿ. ಅವರು ಎದ್ದು ನಿಂತು ನಗುತ್ತಿರಲಿ. ಆಮೇಲೆ ಕೂದಲಿಗೆ ಬರೋಣ.

ಇದನ್ನು ಮೊಬೈಲಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಎದ್ದು ನಿಂತು ನಕ್ಕವರಿದ್ದರೆ, ಆ ನಗುವನ್ನು ಹಿಡಿದುಕೊಂಡು ನಿಲ್ಲಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸಿಗೆ ತೀರಾ ಕಷ್ಟವಾದಾಗ ಮಾತಾಡಲು ಟೆಲಿ ಮಾನಸ್ 14416. ಎರಡಕ್ಕೂ ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಸಿಗದ ಊರಾದರೆ ಗುಡ್ಡ ಹತ್ತಿಯಾದರೂ ಮಾಡಿ, ರೀಚಾರ್ಜಿನ ವಿಷಯಕ್ಕೆ ಹತ್ತುತ್ತೀರಲ್ಲ.

ಆ ಹುಡುಗಿಯನ್ನು ಹುಡುಕಲು ಹೋಗಿದ್ದೆ, ಎರಡು ವರ್ಷದ ಕೆಳಗೆ. ಯಲ್ಲಾಪುರದಿಂದ ಬೈಕಿನಲ್ಲಿ, ಡಾಂಬರು ಮುಗಿದ ಮೇಲೆ ಇನ್ನೂ ಆರು ಕಿಲೋಮೀಟರು. ಸಿಕ್ಕಳು. ಮದುವೆಯಾಗಿದೆ, ಇಬ್ಬರು ಮಕ್ಕಳು, ಜಗಲಿಯಲ್ಲಿ ಕೌದಿ ಹೊಲಿಯುತ್ತಾ ಕೂತಿದ್ದಳು. ಹೆಸರು ಹೇಳಿದೆ. ಗುರುತು ಸಿಕ್ಕಿತು. ಚಹಾ ಕೊಟ್ಟಳು. ಬಂದ ಕಾರಣ ಹೇಳುವುದಕ್ಕೆ ನನಗೆ ಅರ್ಧ ಗಂಟೆ ಬೇಕಾಯಿತು. ಅವಳು ಸೂಜಿ ನಿಲ್ಲಿಸಲಿಲ್ಲ. "ನಾಕು ಓದಿದ್ರಿ," ಅಂದಳು. "ಎರಡನೇದು ನೀವೇ ಬರ್ದಿದ್ದು. ಅಕ್ಷರ ನಂಗೆ ಗೊತ್ತಿತ್ತು, ನಿಮ್ಮ ನೋಟ್ಸ್ ನೋಡಿ ಬರ್ಕೊಳ್ತಿದ್ನಲ್ಲ."

ಹೌದು, ಎರಡನೆಯದು ನಾನೇ ಬರೆದದ್ದು. ಮೇಲೆ ಅದನ್ನು ಹೇಳದೆ ಬಿಟ್ಟಿದ್ದೆ.

ಅವಳ ದೊಡ್ಡ ಮಗಳು ಈಗ ಆರನೇ ಕ್ಲಾಸು. ಕೂದಲು ಅಮ್ಮನದೇ.

ಕಳೆದ ವಾರ ಒಂದು ಕಾಲೇಜಿನಿಂದ ಫೋನ್ ಬಂದಿತ್ತು, ಈ ಸಲದ ಗ್ಯಾದರಿಂಗಿಗೆ ಅತಿಥಿಯಾಗಿ ಬನ್ನಿ, ಹಳೇ ನಿರೂಪಕರು ನೀವು, ಫಿಶ್‌ಪಾಂಡನ್ನೂ ನೀವೇ ನಡೆಸಿಕೊಡಿ ಅಂತ. ಡಬ್ಬ ಇಡುವುದಿಲ್ಲ ಅಂದರೆ ಬರುತ್ತೇನೆ ಎಂದೆ. ವಿಚಾರ ಮಾಡಿ ತಿಳಿಸುತ್ತೇವೆ ಅಂದಿದ್ದಾರೆ. ಇನ್ನೂ ಫೋನ್ ಬಂದಿಲ್ಲ.